ಒಡಪು ಹೇಳಿ ಸಿಕ್ಕಿಬಿದ್ದ ಸೂತ್ರ

ರಾಯಬಾಗ
ಜೂನ್ 2014

ಪರೀಕ್ಷೆಗಳ ಹೊಣೆ ಹೊತ್ತಿರುವ ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ಮಗಳು ನೀಲಮ ಕಳೆದ ಮಾರ್ಚಿನಲ್ಲಿ ದ್ವಿತೀಯ ಪಿಯುಸಿ ಗಣಿತ ಪರೀಕ್ಷೆ ಬರೆಯುವಾಗ ಒಂದು ಸೂತ್ರವನ್ನು ಬಾಯಲ್ಲಿ ಅಂದುಕೊಂಡಳು. ಅದಕ್ಕಾಗಿ ನೀವು ಅವಳ ಫಲಿತಾಂಶವನ್ನು ತಡೆಹಿಡಿದಿದ್ದೀರಿ. ಈಗ, ‘ನಾನು ಪರೀಕ್ಷಾ ಅಕ್ರಮ ಎಸಗಿದ್ದು ನಿಜ’ ಎಂದು ಬರೆದು ಸಹಿ ಮಾಡಿಕೊಟ್ಟರೆ ಗಣಿತವೊಂದನ್ನೇ ರದ್ದುಮಾಡಿ ಪೂರಕ ಪರೀಕ್ಷೆಗೆ ಕೂರಲು ಬಿಡುತ್ತೇವೆ, ಕೊಡದಿದ್ದರೆ ಒಂದು ವರ್ಷ ಡಿಬಾರ್ ಎಂದು ತಿಳಿಸಿದ್ದೀರಿ. ಬರುವ ಸೋಮವಾರ ಕಡೆಯ ದಿನ. ನಿಮ್ಮ ಕಚೇರಿಗೆ ಕಳಿಸಿದ ಅರ್ಜಿಗಳಿಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಬಿಟ್ಟರೆ ಬೇರೆ ಉತ್ತರ ಬಾರದ ಕಾರಣ, ಈ ಪತ್ರವನ್ನು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ. ನೀವು ಓದದಿದ್ದರೂ ನಿಮ್ಮ ಕಾರಿನ ಚಾಲಕರಾದರೂ ಓದಿ, ದಾರಿಯಲ್ಲಿ ನಿಮಗೆ ಹೇಳಿಯಾರು.

ಈ ಕಥೆ ಶುರುವಾದದ್ದು ನನ್ನ ಮಗಳಿಂದಲ್ಲ, ನಿಮ್ಮಿಂದ. ಕಳೆದ ವರ್ಷ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಗಣಿತ ಉಪನ್ಯಾಸಕರೆಲ್ಲ ಸೇರಿ ನಿಮಗೊಂದು ಮನವಿ ಕೊಟ್ಟಿದ್ದರು. ಹೊಸ ಪಠ್ಯಕ್ರಮದಲ್ಲಿ ಸೂತ್ರಗಳು ರಾಶಿಗಟ್ಟಲೆ ಇವೆ. ನಮ್ಮ ಕಡೆಯ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿ, ಪಿಯುಸಿಗೆ ಬಂದಕೂಡಲೇ ಇಂಗ್ಲಿಷಿನಲ್ಲಿ ಗಣಿತ ಕಲಿಯಬೇಕು. ಹಾಗಾಗಿ ಪ್ರಶ್ನೆಪತ್ರಿಕೆಯ ಜೊತೆಗೆ ಮುಖ್ಯ ಸೂತ್ರಗಳನ್ನು ಅಚ್ಚು ಹಾಕಿದ ಒಂದು ಹಾಳೆಯನ್ನು ಎಲ್ಲರಿಗೂ ಕೊಡಿ, ಸೂತ್ರ ನೆನಪಿದೆಯೇ ಎಂದು ಕೇಳುವ ಬದಲು ಅದನ್ನು ಬಳಸಲು ಬರುತ್ತದೆಯೇ ಎಂದು ಕೇಳಿ ಎಂಬುದಷ್ಟೇ ಅವರ ಕೋರಿಕೆ. ಅದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರವನ್ನು ಕಾಲೇಜಿನ ಫಲಕದಲ್ಲಿ ನಾನೇ ಓದಿದ್ದೇನೆ. ಸೂತ್ರಗಳ ಹಾಳೆ ಕೊಟ್ಟರೆ ವಿದ್ಯಾರ್ಥಿಗಳ ಸ್ಮರಣಶಕ್ತಿ ಕುಂಠಿತವಾಗುವ ಸಂಭವವಿದೆಯಂತೆ. ಆದ್ದರಿಂದ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲವಂತೆ. ಆ ಉತ್ತರದಲ್ಲಿ ಮನವಿ ಕೊಟ್ಟವರ ಊರು ತಪ್ಪಾಗಿತ್ತು, ತಾರೀಖೂ ತಪ್ಪಾಗಿತ್ತು. ಸ್ಮರಣಶಕ್ತಿಯ ಬಗ್ಗೆ ಇಷ್ಟು ಕಾಳಜಿಯುಳ್ಳ ಕಚೇರಿಗೆ ಹಾಗೇಕಾಯಿತು ಎಂದು ಯಾರೂ ಕೇಳಲಿಲ್ಲ.

ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ಕಬ್ಬಿನ ರಸದಲ್ಲಿ ಸಿಹಿ ಎಷ್ಟಿದೆಯೆಂದು ಅಳೆಯುವುದು ನನ್ನ ಕೆಲಸ. ರಸ ಬಿಸಿಯಾಗಿದ್ದರೆ ಅಳತೆಗೆ ಇಷ್ಟು ಕೂಡಿಸಬೇಕು, ತಣ್ಣಗಿದ್ದರೆ ಇಷ್ಟು ಕಳೆಯಬೇಕು ಎಂಬ ಕೋಷ್ಟಕವೊಂದಿದೆ. ಅದನ್ನು ಮೇಜಿನ ಎದುರಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದಾರೆ. ನನಗೆ ಆ ಕೋಷ್ಟಕ ನಿದ್ದೆಯಲ್ಲೂ ಬರುತ್ತದೆ. ಆದರೂ ಪ್ರತಿಸಲ ತಲೆಯೆತ್ತಿ ನೋಡಿಯೇ ಬರೆಯಬೇಕೆಂಬುದು ನಮ್ಮಲ್ಲಿಯ ನಿಯಮ. ಯಾಕೆಂದರೆ ನನಗಿಂತ ಮೊದಲು ಭೂಪಾಲ ಎಂಬ ಸಹಾಯಕರೊಬ್ಬರಿದ್ದರು. ಅವರ ಸ್ಮರಣಶಕ್ತಿ ನಿಮಗೆ ತುಂಬಾ ಮೆಚ್ಚುಗೆಯಾಗುತ್ತಿತ್ತು. ಗೋಡೆ ನೋಡುವುದು ತಮ್ಮ ಮರ್ಯಾದೆಗೆ ಕಡಿಮೆ ಎಂದು ತಿಳಿದಿದ್ದರು. ಒಂದು ಪಾಳಿಯಲ್ಲಿ ಕಳೆಯುವುದನ್ನು ಕೂಡಿಸುತ್ತ ಹೋದರು. ಆ ಪಾಳಿಯಲ್ಲಿ ಬಂದ ಕಬ್ಬು ಸಕ್ಕರೆಗಿಂತಲೂ ಸಿಹಿಯಾಗಿತ್ತು ಎಂದು ನಮ್ಮ ದಾಖಲೆ ಹೇಳಿತು. ಆಮೇಲೆ ಮ್ಯಾನೇಜರ್ ಸಾಹೇಬರು ಗೋಡೆಯ ಕೋಷ್ಟಕದ ಕೆಳಗೆ ‘ನೆನಪಿನಿಂದ ಬರೆಯಕೂಡದು’ ಎಂದು ಕೆಂಪು ಬಣ್ಣದಲ್ಲಿ ಬರೆಸಿದರು. ಬಸ್ಸಿನ ಕಂಡಕ್ಟರ್ ಆಗಿರುವ ನನ್ನ ಯಜಮಾನರು ವಿಕ್ರಾಂತ ಅವರೂ ಅಷ್ಟೆ. ಮಶೀನು ಕೆಟ್ಟ ದಿನ ಜೇಬಿನಿಂದ ದರಪಟ್ಟಿ ತೆಗೆದು ನೋಡಿಯೇ ಟಿಕೆಟ್ ಹರಿಯುತ್ತಾರೆ. ನೋಡದೆ ಕೊಟ್ಟು ತಪ್ಪಿದರೆ ಮೆಮೊ ಬರುತ್ತದೆ. ಅಂದರೆ ಈ ದೇಶದಲ್ಲಿ ಕೆಲಸ ಮಾಡುವ ಮನುಷ್ಯ ನೋಡದೆ ಬರೆದರೆ ತಪ್ಪು, ಪರೀಕ್ಷೆ ಬರೆಯುವ ಹುಡುಗಿ ನೋಡಿ ಬರೆದರೆ ತಪ್ಪು. ಹಾಗಾದರೆ ಆ ಪರೀಕ್ಷೆ ಯಾವ ಕೆಲಸಕ್ಕೆ ತಯಾರು ಮಾಡುತ್ತದೆ ಎಂದು ನಾನು ಬಹಳ ಯೋಚಿಸಿದೆ. ನಿಮ್ಮ ಕಚೇರಿಯ ಕೆಲಸಕ್ಕೂ ಅಲ್ಲ. ಅಲ್ಲಿ ಹೆಸರು ಹೇಳಿದರೂ ಫೈಲು ತೆಗೆದೇ ನೋಡುತ್ತಾರೆ.

ಇನ್ನು, ಸೂತ್ರದ ಹಾಳೆ ಕೊಟ್ಟರೆ ಪರೀಕ್ಷೆಯ ಪಾವಿತ್ರ್ಯ ಹಾಳಾಗುತ್ತದೆ ಎಂದು ನಿಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ನನಗೆ ಬೋಧಿಸಿದರು. ಅವರಿಗೆ ಒಂದು ಸುದ್ದಿ ತಿಳಿಸುವುದು ನನ್ನ ಕರ್ತವ್ಯ. ಸೂತ್ರದ ಹಾಳೆ ಜಾರಿಗೆ ಬಂದು ಎಷ್ಟೋ ವರ್ಷಗಳಾದವು. ಅದರ ಅಳತೆ ಕಡ್ಡಿಪೆಟ್ಟಿಗೆಯಷ್ಟು. ಪರೀಕ್ಷೆಯ ಹಿಂದಿನ ವಾರ ಝೆರಾಕ್ಸ್ ಅಂಗಡಿಗಳಲ್ಲಿ ಅದು ಸಿಗುತ್ತದೆ, ಇರುವೆಯ ಸಾಲಿನಂಥ ಅಕ್ಷರ, ಮಡಚಿದರೆ ಅಂಗಿಯ ತೋಳಿನಲ್ಲಿ ಕೂರುತ್ತದೆ. ಅದು ಸಿಗದಿರುವುದು ಕೇಳಲು ನಾಚುವ ಮಕ್ಕಳಿಗೆ ಮಾತ್ರ. ನೀವು ಎಲ್ಲರಿಗೂ ಒಂದೊಂದು ಹಾಳೆಯನ್ನು ರಾಜಾರೋಷವಾಗಿ ಕೊಟ್ಟಿದ್ದರೆ ಆ ಅಂಗಡಿಗಳ ವ್ಯಾಪಾರ ಅಂದೇ ಮುಚ್ಚುತ್ತಿತ್ತು. ನೀವು ಕಾಪಾಡುತ್ತಿರುವುದು ಪರೀಕ್ಷೆಯ ಪಾವಿತ್ರ್ಯವನ್ನೋ ಆ ವ್ಯಾಪಾರವನ್ನೋ ಎಂದು ಯಾರಾದರೂ ಕೇಳಿದರೆ, ನಿಮ್ಮ ಪರವಾಗಿ ನಾನು ಏನು ಹೇಳಲಿ?

ಸರಿ, ನೀವು ಹಾಳೆ ಕೊಡುವುದಿಲ್ಲವೆಂದಿರಿ. ಆಗ ನಮ್ಮ ಕಾಲೇಜಿನ ಗಣಿತದ ಉಪನ್ಯಾಸಕರು, ಸತ್ತೆಪ್ಪ ಸರ್, ಒಂದು ದಾರಿ ಹುಡುಕಿದರು. ಅವರು ಯಡೂರಿನವರು. ಅವರ ತಂದೆ ವೀರಭದ್ರ ದೇವರ ಪುರವಂತರಾಗಿದ್ದವರು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ನಿಮಗಾಗಿ ಹೇಳುತ್ತೇನೆ. ಗುಗ್ಗಳವೆಂಬ ಉರಿಯುವ ಕೊಡಗಳ ಮೆರವಣಿಗೆಯಲ್ಲಿ ಪುರವಂತರು ಕತ್ತಿ ಹಿಡಿದು, ಎದೆ ಸೆಟೆಸಿ, ವೀರಭದ್ರನ ಪರಾಕ್ರಮವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅದಕ್ಕೆ ಒಡಪು ಎನ್ನುತ್ತಾರೆ. ಒಡಪು ಮುಗಿದಕೂಡಲೇ ಸುತ್ತ ನಿಂತವರೆಲ್ಲ ‘ಖಡೇ ಖಡೇ’ ಎಂದು ಕೂಗಬೇಕು. ಕೂಗದೆ ಸುಮ್ಮನಿರಲು ಈ ಭಾಗದಲ್ಲಿ ಹುಟ್ಟಿದ ಯಾರಿಂದಲೂ ಆಗುವುದಿಲ್ಲ. ಸತ್ತೆಪ್ಪ ಸರ್ ಇಂಟಿಗ್ರೇಶನ್ನಿನ ಸೂತ್ರಗಳನ್ನೆಲ್ಲ ಒಡಪು ಮಾಡಿಬಿಟ್ಟರು. ತರಗತಿಯಲ್ಲಿ ಒಬ್ಬರು ಎದ್ದು ನಿಂತು ಹೇಳಬೇಕು, ಉಳಿದವರು ಖಡೇ ಖಡೇ ಎನ್ನಬೇಕು. ಪಕ್ಕದ ಕೋಣೆಯ ಇತಿಹಾಸದ ಉಪನ್ಯಾಸಕರು ಮೊದಲು ದೂರು ಕೊಟ್ಟರು, ಆಮೇಲೆ ಅವರೂ ಬಾಗಿಲಲ್ಲಿ ನಿಂತು ಕೇಳತೊಡಗಿದರು.

ನಮ್ಮ ಮನೆಯಲ್ಲಿ ಬುದ್ಧನ ಫೋಟೊ ಬಿಟ್ಟರೆ ಬೇರೆ ದೇವರ ಫೋಟೊ ಇಲ್ಲ. ಅಲ್ಲಿ ಕೂತು ನನ್ನ ಮಗಳು ಸಂಜೆಯ ಹೊತ್ತು, “ಆಹಹಾ ರುದ್ರ, ಆಹಹಾ ದೇವ, ಎ ಸ್ಕ್ವೇರನು ಮುಂದೆ ನಿಂತಿರಲಾಗಿ, ಎಕ್ಸ್ ಸ್ಕ್ವೇರನು ಹಿಂದೆ ಅಡಗಿರಲಾಗಿ, ಲಾಗೆಂಬ ಆಯುಧವ ಮುಟ್ಟದೆ, ಸೈನ್ ಇನ್ವರ್ಸೆಂಬ ಶೂಲವನೆತ್ತಿ…” ಎಂದು ಶುರು ಮಾಡಿದರೆ, ನಮ್ಮ ಅತ್ತೆ ಶೇವಂತಾ ಸೊಪ್ಪು ಸೋಸುತ್ತ ಕೂತಲ್ಲಿಂದಲೇ ಖಡೇ ಖಡೇ ಎನ್ನುತ್ತಿದ್ದರು. “ಅತ್ತಿ, ಇದು ನಮ್ಮ ದೇವ್ರ ಹಾಡ ಅಲ್ಲರಿ,” ಎಂದು ನಾನು ನಗುತ್ತಿದ್ದೆ. “ಯಾರ ದೇವ್ರಾದ್ರ ಏನಾತ ಬೇ? ಪೋರಿ ಪಾಸಾದ್ರ ಸಾಕ,” ಎನ್ನುತ್ತಿದ್ದರು ಅವರು. ಇಂಗ್ಲಿಷಿನ ಪುಸ್ತಕ ಕಂಡರೆ ತಲೆ ಬಗ್ಗಿಸುತ್ತಿದ್ದ ಹುಡುಗಿ ಆ ವರ್ಷ ಗಣಿತದಲ್ಲಿ ತಲೆಯೆತ್ತಿದಳು. ನೀವು ಬಯಸಿದ ಸ್ಮರಣಶಕ್ತಿ ಅಂದರೆ ಇದೇ ಅಲ್ಲವೇ? ನೀವು ಕಂಠಪಾಠ ಕೇಳಿದಿರಿ, ನಮ್ಮವರು ಕಂಠದಿಂದಲೇ ಕಲಿಸಿದರು.

ಪರೀಕ್ಷೆಯ ದಿನ ಏನಾಯಿತೆಂದು ನಿಮ್ಮ ಕಡತದಲ್ಲಿ ಇದೆ. ಆದರೆ ಅದನ್ನು ಬರೆದವರಿಗೆ ಏನು ನಡೆಯಿತೆಂದೇ ಗೊತ್ತಾಗಿರಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ದೀರ್ಘವೃತ್ತದ ಕ್ಷೇತ್ರಫಲ ಕಂಡುಹಿಡಿಯುವ ಲೆಕ್ಕ. ನೀಲಮ ಚಿತ್ರ ಬರೆದಿದ್ದಳು. ಇಡೀ ಆಕೃತಿ ಬೇಡ, ಕಾಲುಭಾಗ ತೆಗೆದುಕೊಂಡು ನಾಲ್ಕರಿಂದ ಗುಣಿಸಿದರೆ ಸಾಕು ಎಂದು ಯೋಚಿಸಿದ್ದಳು. ಎಲ್ಲಿಂದ ಎಲ್ಲಿಯವರೆಗೆ ಎಂಬ ಮಿತಿಗಳನ್ನು ಹಾಕಿದ್ದಳು. ಅಂದರೆ ಆ ಲೆಕ್ಕದಲ್ಲಿ ತಿಳಿವಳಿಕೆಯಿಂದ ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದ್ದಳು. ಉಳಿದದ್ದು ಒಂದು ಸೂತ್ರ. ಅದು ಒಂಟಿ ಸೂತ್ರವೂ ಅಲ್ಲ. ಅವು ಮೂವರು ಅಣ್ಣತಮ್ಮಂದಿರು, ನೋಡಲು ಮೂವರೂ ಒಂದೇ ಥರ, ಒಬ್ಬನಿಗೆ ಕೂಡಿಸುವ ಚಿಹ್ನೆ, ಇಬ್ಬರಿಗೆ ಕಳೆಯುವ ಚಿಹ್ನೆ, ಇಬ್ಬರ ಮನೆಯಲ್ಲಿ ಲಾಗ್, ಒಬ್ಬನ ಮನೆಯಲ್ಲಿ ಸೈನ್ ಇನ್ವರ್ಸ್. ಯಾವನು ಯಾರೆಂದು ಆ ಗಳಿಗೆಗೆ ಮರೆತುಹೋಯಿತು. ಗಾಬರಿಯಾಗಿ, ಅಭ್ಯಾಸಬಲದಿಂದ, ಕಣ್ಣು ಮುಚ್ಚಿ ಒಡಪು ಹೇಳಿಕೊಂಡಳು. ಪಿಸುದನಿಯಲ್ಲೇ ಹೇಳಿಕೊಂಡಳಂತೆ. ಆದರೆ ಒಡಪನ್ನು ಪಿಸುದನಿಯಲ್ಲಿ ಶುರುಮಾಡಬಹುದೇ ಹೊರತು ಪಿಸುದನಿಯಲ್ಲಿ ಮುಗಿಸಲು ಬರುವುದಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಏರಿತು. ಅವಳು ನಿಲ್ಲಿಸಿದ್ದೇ ತಡ, ಇಡೀ ಕೊಠಡಿ ಒಕ್ಕೊರಲಿನಿಂದ ಖಡೇ ಖಡೇ ಎಂದಿತು.

ಯಾರೂ ಬೇಕೆಂದು ಅನ್ನಲಿಲ್ಲ. ವರ್ಷವಿಡೀ ಅಂದ ಬಾಯಿ, ಆ ದಿನವೂ ಅಂದುಬಿಟ್ಟಿತು. ಬಾಗಿಲ ಹತ್ತಿರ ಕೂತಿದ್ದ ಬೇರೆ ಕಾಲೇಜಿನ ಹುಡುಗರು, ಈ ಒಡಪನ್ನು ಎಂದೂ ಕೇಳದವರು, ಅವರೂ ಅಂದರಂತೆ. ಕೊಠಡಿಯ ಮೇಲ್ವಿಚಾರಕರೂ ಅಂದರೆಂದು ಅಲಖನೂರಿನ ಸಂಗ್ರಾಮ ಎಂಬ ಹುಡುಗ ಹೇಳುತ್ತಾನೆ. ನೀಲಮಳ ಪಕ್ಕದ ಬೆಂಚಿನವನು ಅವನು. ಮೇಲ್ವಿಚಾರಕರ ನೌಕರಿಯ ದೃಷ್ಟಿಯಿಂದ ಅದನ್ನು ನಾನು ನಂಬದಿರಲು ತೀರ್ಮಾನಿಸಿದ್ದೇನೆ.

ದುರದೃಷ್ಟಕ್ಕೆ ಅದೇ ಹೊತ್ತಿಗೆ ನಿಮ್ಮ ಜಾಗೃತ ದಳದವರು ವರಾಂಡದಲ್ಲಿದ್ದರು. ಬೇರೆ ಜಿಲ್ಲೆಯಿಂದ ಬಂದವರು, ನಮ್ಮ ಕಡೆಯ ರೀತಿ ಗೊತ್ತಿಲ್ಲದವರು. ಒಳಗೆ ನುಗ್ಗಿ, ಇದು ಸಾಮೂಹಿಕ ನಕಲು, ಇದು ಸಂಕೇತಭಾಷೆ, ಒಂದು ಸಲ ಖಡೇ ಅಂದರೆ ಒಂದು ಉತ್ತರ, ಎರಡು ಸಲ ಅಂದರೆ ಇನ್ನೊಂದು ಉತ್ತರ ಎಂದು ನಿಂತಲ್ಲೇ ಸಂಶೋಧನೆ ಮಾಡಿದರು. ಮಕ್ಕಳ ಜೇಬು ತಡಕಿದರು. ಒಂದು ಚೀಟಿಯೂ ಸಿಗಲಿಲ್ಲ. ಚೀಟಿ ಸಿಗದಿದ್ದದ್ದರಿಂದ ಸಂಚು ಇನ್ನೂ ಆಳವಾಗಿದೆ ಎಂದು ತೀರ್ಮಾನಿಸಿದರು. “ಯಾರು ಇದನ್ನ ಶುರು ಮಾಡಿದ್ದು? ಹೇಳದಿದ್ದರೆ ಇಡೀ ಕೊಠಡಿಯನ್ನೇ ಡಿಬಾರ್ ಮಾಡ್ತೇವೆ,” ಎಂದರು. ಆಗ ನನ್ನ ಮಗಳು ಎದ್ದು ನಿಂತಳು.

“ನಾನ್ರಿ ಸರ್. ಸೂತ್ರ ಮರ್ತಿತ್ತು, ಒಡಪ ಹೇಳಿ ನೆನಪ ಮಾಡ್ಕೊಂಡೆ,” ಎಂದಳು.

ಸಂಗ್ರಾಮನೂ ಎದ್ದ. “ಆಕಿ ಒಬ್ಬಾಕಿ ಅಲ್ಲರಿ. ಖಡೇ ಅಂತ ನಾನೂ ಅಂದೇನ್ರಿ. ಎಲ್ಲಾರೂ ಅಂದೇವ್ರಿ,” ಎಂದ.

ಅವನನ್ನು ಗದರಿಸಿ ಕೂರಿಸಿದರು. ನೀಲಮಳ ಉತ್ತರಪತ್ರಿಕೆಯನ್ನು ಕಿತ್ತುಕೊಂಡರು. ನೆನಪಾಗಿದ್ದ ಸೂತ್ರವನ್ನು ಬರೆಯಲು ಕೂಡ ಬಿಡಲಿಲ್ಲ. ಮಾನ್ಯರೇ, ಆ ಕೊಠಡಿಯಲ್ಲಿ ಉಳಿದವರೆಲ್ಲ ಇಂದು ಪಾಸಾಗಿದ್ದಾರೆ. ನನಗೆ ಅದರ ಬಗ್ಗೆ ಸಂತೋಷವಿದೆ. ಸುಮ್ಮನೆ ಕೂತವರು ಪಾಸು, ಕೇಳಿದ್ದಕ್ಕೆ ನಿಜ ಹೇಳಿದವಳು ಅಪರಾಧಿ. ಇದು ಯಾವ ವಿಷಯದ ಪರೀಕ್ಷೆ, ಇದಕ್ಕೆ ಪಠ್ಯಪುಸ್ತಕ ಎಲ್ಲಿ ಸಿಗುತ್ತದೆ?

ಮೇ ತಿಂಗಳಲ್ಲಿ ವಿಚಾರಣೆಗೆಂದು ಕರೆದಿರಿ. ರಾತ್ರಿಯ ಬಸ್ಸಿನಲ್ಲಿ ಬಂದು, ಬಸ್ ನಿಲ್ದಾಣದಲ್ಲೇ ಮುಖ ತೊಳೆದು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತೆವು. ಒಳಗೆ ಮೂವರು ಅಧಿಕಾರಿಗಳಿದ್ದರು. ನೀವು ನಡುವಿನ ಕುರ್ಚಿಯಲ್ಲಿದ್ದಿರಿ. ನಿಮಗೆ ನೆನಪಿದೆಯೋ ಇಲ್ಲವೋ, ನಿಮ್ಮ ಸ್ಮರಣಶಕ್ತಿಯ ಬಗ್ಗೆ ನಾನು ಹೆಚ್ಚು ಭರವಸೆ ಇಟ್ಟುಕೊಂಡಿಲ್ಲ, ಆದ್ದರಿಂದ ನೆನಪಿಸುತ್ತೇನೆ. “ಏನಮ್ಮ, ಯಾವ ಸೂತ್ರ ಹೇಳಿದೆ, ಈಗ ಹೇಳು ನೋಡೋಣ,” ಎಂದಿರಿ. ಒಡಪು ಬೇಡ, ಬರೀ ಸೂತ್ರ ಹೇಳು ಎಂದೂ ಎಚ್ಚರಿಸಿದಿರಿ. ನೀಲಮ ಹೇಳಿದಳು. ಅದು ಸರಿಯೋ ತಪ್ಪೋ ನಿಮಗೆ ತಿಳಿಯಲಿಲ್ಲ. ನೀವು ಎಡಗಡೆಯವರ ಮುಖ ನೋಡಿದಿರಿ. ಅವರು ಬಲಗಡೆಯವರ ಮುಖ ನೋಡಿದರು. ಬಲಗಡೆಯವರು ಗಂಟೆ ಬಾರಿಸಿ ಒಂದು ಗೈಡ್ ತರಿಸಿದರು.

ಆಮೇಲಿನ ದೃಶ್ಯವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಮೂವರು ಹಿರಿಯ ಅಧಿಕಾರಿಗಳು ಒಂದು ಗೈಡಿನ ಮೇಲೆ ಬಾಗಿ ಸೂತ್ರ ಹುಡುಕಿದಿರಿ. ಮೊದಲು ಬೇರೆ ಅಧ್ಯಾಯದಲ್ಲಿ ಹುಡುಕಿದಿರಿ. ಸಿಗಲಿಲ್ಲ. ಕೊನೆಗೆ ನನ್ನ ಮಗಳೇ, “ಹಿಂದಿನ ಪಾಠದಾಗ ಐತ್ರಿ ಸರ್,” ಎಂದಳು. ಸಿಕ್ಕಿತು. ಬೆರಳಿಟ್ಟು ಒಂದೊಂದೇ ಪದ ಹೋಲಿಸಿದಿರಿ. ಸರಿಯಾಗಿತ್ತು. ನನ್ನ ಜೀವ ತಿರುಗಿ ಬಂದ ಹಾಗಾಯಿತು. ಆಗ ನೀವು ಪುಸ್ತಕ ಮುಚ್ಚಿ ಏನೆಂದಿರಿ ನೆನಪಿದೆಯೇ? “ಸೂತ್ರ ಸರಿಯಾಗಿಯೇ ಇದೆ. ಅಂದರೆ ಇಡೀ ಕೊಠಡಿಗೆ ಉತ್ತರ ಹೇಳಿಕೊಟ್ಟವಳು ಇವಳೇ ಎಂಬುದು ರುಜುವಾತಾಯಿತು.”

ತಪ್ಪು ಹೇಳಿದ್ದರೆ ಓದದ ಹುಡುಗಿ, ನಕಲು ಮಾಡಲು ಬಂದವಳು ಎನ್ನುತ್ತಿದ್ದಿರಿ. ಸರಿ ಹೇಳಿದ್ದಕ್ಕೆ ನಕಲು ಮಾಡಿಸಿದವಳು ಎಂದಿರಿ. ಇಂಥ ತರ್ಕಕ್ಕೆ ಯಾವ ಸೂತ್ರ ಹಚ್ಚುತ್ತಾರೋ ನಾನು ಕಾಣೆ. ಮತ್ತೊಂದು ಮಾತು. ಪುಸ್ತಕ ನೋಡದೆ ನಿಮಗೆ ಆ ಸೂತ್ರ ಬರಲಿಲ್ಲ. ಅದಕ್ಕೆ ನಾನು ನಿಮ್ಮನ್ನು ಹೀಯಾಳಿಸುವುದಿಲ್ಲ. ಬರಬೇಕಾದ ಅಗತ್ಯವೂ ಇಲ್ಲ. ಬೇಕಾದಾಗ ತೆಗೆದು ನೋಡುವುದೇ ಬುದ್ಧಿವಂತರ ಲಕ್ಷಣ. ಆ ಬುದ್ಧಿವಂತಿಕೆಯನ್ನು ಮೇಜಿನ ಆ ಕಡೆಗೆ ಮಾತ್ರ ಯಾಕೆ ಇಟ್ಟುಕೊಂಡಿದ್ದೀರಿ ಎಂಬುದಷ್ಟೇ ನನ್ನ ಪ್ರಶ್ನೆ.

ಊರಿಗೆ ಬಂದು ನಡೆದದ್ದನ್ನು ಹೇಳಿದಾಗ ಅತ್ತೆ ಸೋಸುತ್ತಿದ್ದ ಸೊಪ್ಪನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಕಬ್ಬು ಕಡಿಯಲು ಹೋಗಿ ಮಕ್ಕಳನ್ನು ಸಾಕಿದವರು. ಕೊನೆಗೆ, “ಅಲ್ಲ ಉಜ್ವಲಾ, ಚೀಟ್ಯಾಗ ಇಟ್ಗೊಂಡ್ರ ತಪ್ಪ ಅಂತಾರ. ಬಾಯಾಗ ಇಟ್ಗೊಂಡ್ರೂ ತಪ್ಪ ಅಂತಾರ. ಹಂಗಾರ ಆ ಸೂತ್ರ ಎಲ್ಲಿ ಇಟ್ಗೋಬೇಕಂತ ಸಾಹೇಬರ್ನ ಕೇಳಿದೇನ?” ಎಂದರು. ನಾನು ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ. ಹೇಳಿ, ಎಲ್ಲಿಟ್ಟುಕೊಳ್ಳಬೇಕು?

ಸತ್ತೆಪ್ಪ ಸರ್ ಅವರ ಗತಿಯೂ ನಿಮಗೆ ತಿಳಿದಿರಲಿ. ಒಡಪು ಕಲಿಸಿದ್ದೇಕೆ ಎಂದು ನೀವು ಅವರಿಗೂ ಕಳಿಸಿದ ನೋಟಿಸು ಬಂದ ಮೇಲೆ ಅವರು ತರಗತಿಯಲ್ಲಿ ಒಡಪು ಬಿಟ್ಟಿದ್ದಾರೆ. ಈಗ ಸೂತ್ರವನ್ನು ಹಲಗೆಯ ಮೇಲೆ ಬರೆದು, ಬಾಯಿಪಾಠ ಮಾಡಿಕೊಂಡು ಬರ್ರಿ ಎಂದು ಹೇಳಿ ಕುರ್ಚಿಯಲ್ಲಿ ಕೂರುತ್ತಾರಂತೆ. ತರಗತಿ ಬಹಳ ಶಾಂತವಾಗಿದೆಯಂತೆ. ಪ್ರಾಂಶುಪಾಲರು ಸಂತುಷ್ಟರಾಗಿದ್ದಾರಂತೆ. ಮಕ್ಕಳು ಝೆರಾಕ್ಸ್ ಅಂಗಡಿಯ ದಾರಿ ವಿಚಾರಿಸುತ್ತಿದ್ದಾರಂತೆ. ಶಿಕ್ಷಣ ವ್ಯವಸ್ಥೆ ಮತ್ತೆ ಹಳಿಗೆ ಬಂದಂತಾಯಿತು, ತಮಗೆ ಅಭಿನಂದನೆಗಳು.

ಇನ್ನು ಆ ಸಹಿಯ ವಿಷಯ. ನಿಮ್ಮ ಪತ್ರ ಬಂದ ದಿನ ನನಗೆ ನಿಜವಾಗಿಯೂ ಹಗುರವೆನಿಸಿತು. ಸಹಿ ಹಾಕಿದರೆ ಪೂರಕ ಪರೀಕ್ಷೆ, ಅಲ್ಲಿ ಪಾಸಾದರೆ ಈ ವರ್ಷವೇ ಬಿ.ಎಸ್ಸಿ. ಸೀಟು. ಹಾಕದಿದ್ದರೆ ಮನೆಯಲ್ಲಿ ಕೂರಬೇಕು. ನಮ್ಮ ಕಡೆ ಹೆಣ್ಣುಮಗಳೊಬ್ಬಳು ಒಂದು ವರ್ಷ ಮನೆಯಲ್ಲಿ ಕೂತರೆ ಏನಾಗುತ್ತದೆಂದು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಎರಡನೆಯ ತಿಂಗಳಿಗೆ ನೆಂಟರು ವರನ ಫೋಟೊ ಹಿಡಿದು ಬರುತ್ತಾರೆ. ಆರನೆಯ ತಿಂಗಳಿಗೆ ಇಲ್ಲವೆನ್ನಲು ಕಾರಣ ಉಳಿಯುವುದಿಲ್ಲ. ನಾನೇ ಹಾಗೆ ಡಿಗ್ರಿಯ ನಡುವೆ ಮದುವೆಯಾಗಿ, ಕಂಕುಳಲ್ಲಿ ಕೂಸು ಕಟ್ಟಿಕೊಂಡು ಚಿಕ್ಕೋಡಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದವಳು. ಆ ಪಾಡು ಇವಳಿಗೆ ಬೇಡವೆಂದು, “ಒಂದ ಸಹಿ ಅಲ್ಲೇನವಾ? ಹಾಕಿ ಬಿಡು. ನೀ ಏನ ಮಾಡೀದಿ ಏನ ಮಾಡಿಲ್ಲ ಅಂತ ನಮಗ ಗೊತ್ತೈತಿ, ಸಾಕ,” ಎಂದು ಬೆನ್ನು ಬಿದ್ದೆ. ಬೈದೆ. ಅತ್ತೂ ನೋಡಿದೆ. ವಿಕ್ರಾಂತ ಅವರು ಡ್ಯೂಟಿ ಮುಗಿಸಿ ಬಂದು ಅವಳ ಪಕ್ಕದಲ್ಲಿ ಕೂತು, ನಿರ್ಧಾರವನ್ನು ಅವಳಿಗೇ ಬಿಟ್ಟರು.

ನೀಲಮ ಜಗಳವಾಡುವ ಹುಡುಗಿಯಲ್ಲ. ನಿಧಾನವಾಗಿ ಹೇಳಿದಳು. “ಆಯಿ, ನಾ ಸಹಿ ಹಾಕಿದ್ರ ನಾಳೆ ಸತ್ತೆಪ್ಪ ಸರ್‌ಗೆ ಏನ ಆಗತೈತಿ? ಅವರು ನಕಲ ಕಲಿಸ್ಯಾರ ಅಂತ ಆಗೂದಿಲ್ಲೇನ? ನನ್ನ ಕೈಲೇ ಬರೆಸ್ಕೊಂಡ ಅವರ ಕೊರಳಿಗೆ ಕಟ್ಟತಾರ.”

ಅದು ನನಗೆ ಹೊಳೆದಿರಲಿಲ್ಲ. ನಿಮಗೆ ಹೊಳೆದಿತ್ತು ಎಂದು ನನ್ನ ಅನುಮಾನ. ಚೀಟಿ ಸಿಗಲಿಲ್ಲ, ಸಾಕ್ಷಿ ಸಿಗಲಿಲ್ಲ, ಹಾಗಾಗಿ ತಪ್ಪೊಪ್ಪಿಗೆ ಬೇಕಾಗಿದೆ. ಅದನ್ನು ಬರೆದುಕೊಡಬೇಕಾದವಳು ಹದಿನೆಂಟು ತುಂಬದ ಹುಡುಗಿ. ನನಗೆ ಅಂದು ಸಿಟ್ಟು ಬಂತು, ಮಾನ್ಯರೇ. ಇಷ್ಟು ಹೊತ್ತು ನಗುನಗುತ್ತ ಬರೆದೆ, ಆದರೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ಬೇಡಿಕೆ ಹೀಗಿದೆ. ನೀಲಮಳ ಉತ್ತರಪತ್ರಿಕೆ ನಿಮ್ಮ ಬೀರುವಿನಲ್ಲಿದೆ. ಅದನ್ನು ಹೊರಗೆ ತೆಗೆದು ಮೌಲ್ಯಮಾಪನ ಮಾಡಿಸಿ. ಕಿತ್ತುಕೊಳ್ಳುವ ಮೊದಲು ಬರೆದಷ್ಟಕ್ಕೇ ಅಂಕ ಕೊಡಿ, ಒಂದೂ ಹೆಚ್ಚಿಗೆ ಬೇಡ, ಅಷ್ಟರಲ್ಲೇ ಅವಳು ಪಾಸಾಗುತ್ತಾಳೆ. ಸತ್ತೆಪ್ಪ ಸರ್ ಅವರಿಗೆ ಕೊಟ್ಟ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಬರುವ ವರ್ಷದಿಂದ ಗಣಿತದ ಪ್ರಶ್ನೆಪತ್ರಿಕೆಯ ಜೊತೆ ಸೂತ್ರಗಳ ಹಾಳೆ ಕೊಡಿ. ಹಾಳೆಯೊಂದರ ಖರ್ಚು ಹೆಚ್ಚೆನಿಸಿದರೆ ಪ್ರಶ್ನೆಪತ್ರಿಕೆಯ ಹಿಂಬದಿ ಖಾಲಿಯಿದೆ, ಅಲ್ಲೇ ಅಚ್ಚು ಹಾಕಿಸಿ. ಈ ವರ್ಷ ಅಲ್ಲಿ ವಿದ್ಯಾರ್ಥಿಗಳಿಗೆ ಶುಭಾಶಯ ಕೂಡ ಇರಲಿಲ್ಲ.

ಸೋಮವಾರ ನಾವು ನಿಮ್ಮ ಕಚೇರಿಗೆ ಬರುತ್ತೇವೆ. ಅವಳು ಸಹಿ ಹಾಕುವುದಿಲ್ಲ. ಆದರೆ ಬರಿಗೈಯಲ್ಲಿ ಬರುವುದಿಲ್ಲ, ಒಂದು ಒಪ್ಪಂದ ತರುತ್ತಿದ್ದಾಳೆ. ಅವಳ ಮಾತನ್ನು ಅವಳದೇ ಬಾಯಿಯಲ್ಲಿ ಕೊಡುತ್ತೇನೆ. “ಸಾಹೇಬರು ಯಾವ ಲೆಕ್ಕ ಬೇಕಾದ್ರೂ ಆರಸ್ಲಿ. ಅವರು ಗೈಡ್ ತಕ್ಕೊಂಡ ಕೂಡ್ರಲಿ, ಪುಸ್ತಕ ತಕ್ಕೊಂಡ ಕೂಡ್ರಲಿ, ಬೇಕಾದ್ರ ಮೂರೂ ಮಂದಿ ಸೇರಿ ಕೂಡ್ರಲಿ. ನಾ ಒಂದ ಸೂತ್ರದ ಹಾಳಿ ಇಟ್ಗೊಂಡ ಒಬ್ಬಾಕಿನ ಕೂಡ್ರತೀನಿ. ಅವರು ಮೊದ್ಲ ಬಿಡಿಸಿದ್ರ, ಅಲ್ಲೇ ಸಹಿ ಹಾಕ್ತೀನಿ.”

ಮಾನ್ಯರೇ, ಬಾಗಿಲು ತೆಗೆದಿಡಿ.

ಇಂತಿ,
ಒಂದು ಸಹಿಯಲ್ಲಿ ಎಲ್ಲ ಮುಗಿದುಹೋಗುತ್ತಿತ್ತಲ್ಲ ಎಂದು ಇನ್ನೂ ಒಳಗೊಳಗೇ ಅಂದುಕೊಳ್ಳುತ್ತಿರುವ, ಮಗಳೆದುರು ಹಾಗೆ ಹೇಳಲು ಈಗ ಬಾಯಿ ಬಾರದ
ಉಜ್ವಲಾ, ನೀಲಮಳ ತಾಯಿ